ಒಳಗಾಜು ಚಳಿ ತಡೆಯಿತು, ಕಿಟಕಿ ತೆರೆಯುವವರು ಯಾರು?

ಬ್ರಿಟನ್ನಿನ ಹಳೆಯ ಮನೆಗಳ ಸ್ಯಾಶ್ ಕಿಟಕಿಗೆ ಎರಡನೇ ಗಾಜು ಹಾಕಿಸುವಾಗ ವೃದ್ಧರು, ವಿಕಲಚೇತನರು ಮರೆತುಹೋಗುತ್ತಾರೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ಮಗನದೋ ಮಗಳದೋ ಮನೆಯಲ್ಲಿ ಒಂದು ಚಳಿಗಾಲ ಕಳೆದು ಬಂದ ಹಿರಿಯರು ಅಲ್ಲಿನ ಕಿಟಕಿಗಳನ್ನು ನೆನೆದು ನಿಟ್ಟುಸಿರು ಬಿಡುವುದುಂಟು. ಮುಚ್ಚಿದ್ದರೂ ಸಂದಿಯಿಂದ ಗಾಳಿ ನುಸುಳುತ್ತದೆ, ತೆರೆಯಹೋದರೆ ಜಗ್ಗುವುದಿಲ್ಲ. ನಮ್ಮಲ್ಲಿಯಂತೆ ಪಕ್ಕಕ್ಕೆ ತೆರೆದುಕೊಳ್ಳುವ ಅಥವಾ ಅಡ್ಡಕ್ಕೆ ಸರಿಯುವ ಕಿಟಕಿ ಅದಲ್ಲ. ಮೇಲೊಂದು, ಕೆಳಗೊಂದು ಗಾಜಿನ ಚೌಕಟ್ಟು. ಕೆಳಗಿನದನ್ನು ಮೇಲಕ್ಕೆ ಎತ್ತಬೇಕು, ಮೇಲಿನದನ್ನು ಕೆಳಕ್ಕೆ ಇಳಿಸಬೇಕು. ಇದಕ್ಕೆ ಅಲ್ಲಿ ಸ್ಯಾಶ್ ಕಿಟಕಿ ಎಂದು ಹೆಸರು.

ಚಳಿಯ ಕಾಟ ತಪ್ಪಿಸಲು ಈ ಕಿಟಕಿಯ ಒಳಬದಿಗೆ ಇನ್ನೊಂದು ಗಾಜಿನ ಚೌಕಟ್ಟನ್ನು ಕೂರಿಸುವ ಪದ್ಧತಿ ಬ್ರಿಟನ್ನಿನಲ್ಲಿ ವ್ಯಾಪಕವಾಗಿದೆ. ಸೆಕೆಂಡರಿ ಗ್ಲೇಜಿಂಗ್ ಎಂದು ಕರೆಯಲಾಗುವ ಇದನ್ನು ಈ ಲೇಖನದಲ್ಲಿ ಒಳಗಾಜು ಎನ್ನೋಣ. ಹಳೆಯ ಕಿಟಕಿಯನ್ನು ಕಿತ್ತುಹಾಕದೆಯೇ ಮನೆಯನ್ನು ಬೆಚ್ಚಗಿಡುವ ಉಪಾಯವಿದು. ಆದರೆ ಸಂಧಿವಾತದಿಂದ ಬೆರಳು ಮಡಚಲಾಗದವರಿಗೆ, ಗಾಲಿಕುರ್ಚಿಯಲ್ಲಿ ಕುಳಿತವರಿಗೆ, ಪಾರ್ಶ್ವವಾಯುವಿನಿಂದ ಒಂದು ಕೈ ಸ್ವಾಧೀನ ತಪ್ಪಿದವರಿಗೆ ಮೊದಲೇ ಕಷ್ಟವಾಗಿದ್ದ ಕಿಟಕಿ ಇದರಿಂದ ಸಂಪೂರ್ಣ ಗೋಡೆಯೇ ಆಗಿಬಿಡುವ ಅಪಾಯವೂ ಇದೆ. ಒಳಗಾಜಿನ ಬೆಲೆ, ಅಂದ, ಉಷ್ಣ ಉಳಿತಾಯಗಳ ಬಗ್ಗೆ ನಡೆಯುವಷ್ಟು ಚರ್ಚೆ ಈ ಅಂಶದ ಬಗ್ಗೆ ನಡೆಯುವುದಿಲ್ಲ.

ಹಗ್ಗ, ರಾಟೆ ಮತ್ತು ತೂಕದ ಗುಂಡು

ಸ್ಯಾಶ್ ಕಿಟಕಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು 17ನೆಯ ಶತಮಾನದ ಕೊನೆಯ ಭಾಗದಲ್ಲಿ. ಅದರ ತಂತ್ರ ನಮ್ಮ ಬಾವಿಯ ರಾಟೆಯನ್ನು ಕಂಡವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಚೌಕಟ್ಟಿನ ಎರಡೂ ಬದಿಗೆ ಹಗ್ಗ ಕಟ್ಟಿ, ಅದನ್ನು ರಾಟೆಯ ಮೇಲೆ ಹಾಯಿಸಿ, ಇನ್ನೊಂದು ತುದಿಗೆ ಎರಕದ ಕಬ್ಬಿಣದ ಅಥವಾ ಸೀಸದ ಗುಂಡನ್ನು ತೂಗುಬಿಟ್ಟಿರುತ್ತಾರೆ. ಗುಂಡುಗಳು ಗೋಡೆಯ ಪಕ್ಕದ ಮರದ ಟೊಳ್ಳು ಪೆಟ್ಟಿಗೆಯೊಳಗೆ ಕಾಣದಂತೆ ಏರಿಳಿಯುತ್ತವೆ. ಗಾಜಿನ ತೂಕಕ್ಕೂ ಗುಂಡಿನ ತೂಕಕ್ಕೂ ಸಮತೋಲ ಇದ್ದರೆ ಒಂದೇ ಕೈಯಲ್ಲಿ ಕಿಟಕಿ ತೆರೆಯಬಹುದು, ಬಿಟ್ಟಲ್ಲಿಯೇ ಅದು ನಿಲ್ಲುತ್ತದೆ.

1666ರ ಮಹಾ ಅಗ್ನಿದುರಂತವನ್ನು ಕಂಡ ಲಂಡನ್ನಿನಲ್ಲಿ ಕಿಟಕಿಯ ಮರವೂ ಕಾನೂನಿನ ವಿಷಯವಾಯಿತು. 1709ರ ಕಾಯಿದೆ ಕಿಟಕಿಯ ಚೌಕಟ್ಟನ್ನು ಗೋಡೆಯ ಹೊರಮೈಯಿಂದ ನಾಲ್ಕು ಇಂಚು ಒಳಗಿಡಬೇಕೆಂದಿತು. 1774ರ ಕಾಯಿದೆ ಗುಂಡಿನ ಪೆಟ್ಟಿಗೆಯನ್ನು ಇಟ್ಟಿಗೆಯ ಹಿಂದೆ ಮರೆಮಾಡಬೇಕೆಂದಿತು. ಆ ಕಾಲದ ಕಿಟಕಿಗಳಿಗೆ ಗೋಡೆಯ ಒಳಬದಿಯಲ್ಲಿ ಆಳವಾದ ಗೂಡು, ಅದರ ಎರಡೂ ಪಕ್ಕ ಮಡಚಿಡುವ ಮರದ ಕದಗಳು ಇರುವುದು ಸಾಮಾನ್ಯ. ಒಳಗಾಜನ್ನು ಕೂರಿಸುವುದು ಈ ಗೂಡಿನಲ್ಲಿಯೇ. ಗೂಡು ಆಳವಾದಷ್ಟೂ ಕುಳಿತವರ ಕೈಗೆ ಕಿಟಕಿ ದೂರ ಎಂಬುದನ್ನು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳಬೇಕು.

ಇಂದು ಇಂಗ್ಲೆಂಡಿನ ಮನೆಗಳಲ್ಲಿ ಸುಮಾರು ಐದನೆಯ ಒಂದು ಪಾಲು 1919ಕ್ಕಿಂತ ಮುಂಚೆ ಕಟ್ಟಿದವು. ಬಾತ್ ನಗರ 1987ರಲ್ಲಿ, ಎಡಿನ್‌ಬರೋದ ಹಳೆಯ ಮತ್ತು ಹೊಸ ಪಟ್ಟಣಗಳು 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಂಥ ಊರುಗಳಲ್ಲಿ ಕಿಟಕಿಯೆಂದರೆ ಮನೆಯ ಮುಖ. ಸರ್ಕಾರದ ಪರಂಪರೆ ಪಟ್ಟಿಯಲ್ಲಿರುವ ಕಟ್ಟಡವಾದರೆ ಅದರ ಸ್ವರೂಪಕ್ಕೆ ಧಕ್ಕೆ ತರುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಅಪರಾಧ. ಹೀಗಾಗಿ ಹಳೆಯದನ್ನು ಕಿತ್ತು ಹೊಸ ಎರಡು ಪದರದ ಗಾಜಿನ ಪ್ಲಾಸ್ಟಿಕ್ ಕಿಟಕಿ ಕೂರಿಸುವ ದಾರಿ ಬಹುತೇಕ ಮುಚ್ಚಿದೆ. ಉಳಿಯುವುದು ಒಳಗಾಜು. ಬೇಡವೆನಿಸಿದಾಗ ಬಿಚ್ಚಿ ತೆಗೆಯಬಹುದು, ಮೂಲ ಕಿಟಕಿಗೆ ಗಾಯವಾಗದು ಎಂಬ ಕಾರಣಕ್ಕೆ ಪರಂಪರೆ ಸಂಸ್ಥೆಯಾದ ಹಿಸ್ಟಾರಿಕ್ ಇಂಗ್ಲೆಂಡ್ ಕೂಡ ಇದರ ಬಗ್ಗೆ ಅನುಕೂಲಕರ ನಿಲುವು ಹೊಂದಿದೆ.

ಪ್ರಯೋಜನದಲ್ಲಿ ಅನುಮಾನವಿಲ್ಲ. ಹಿಸ್ಟಾರಿಕ್ ಸ್ಕಾಟ್ಲೆಂಡ್ ಸಂಸ್ಥೆಗಾಗಿ ಗ್ಲಾಸ್ಗೋ ಕ್ಯಾಲಿಡೋನಿಯನ್ ವಿಶ್ವವಿದ್ಯಾಲಯ 2008ರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಒಳಗಾಜು ಕಿಟಕಿಯ ಮೂಲಕ ಆಗುವ ಶಾಖ ನಷ್ಟವನ್ನು ಶೇ. 63ರಷ್ಟು ತಗ್ಗಿಸಿತು. ಮರದ ಕದ ಮುಚ್ಚಿದರೆ ಶೇ. 51, ದಪ್ಪ ಪರದೆ ಎಳೆದರೆ ಕೇವಲ ಶೇ. 14. ಮನೆಯೊಳಗಿನ ಉಷ್ಣಾಂಶ 18 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯಬಾರದು, ವೃದ್ಧರಿಗೂ ಕಾಯಿಲೆಯವರಿಗೂ ಇನ್ನಷ್ಟು ಬೇಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ದಿನವಿಡೀ ಮನೆಯಲ್ಲಿಯೇ ಇರುವ, ಹೆಚ್ಚು ಓಡಾಡಲಾಗದ ವ್ಯಕ್ತಿಗೆ ಒಳಗಾಜಿನ ಅಗತ್ಯ ಬೇರೆಲ್ಲರಿಗಿಂತ ಹೆಚ್ಚು. ಅದನ್ನು ತೆರೆಯುವ ಶಕ್ತಿ ಅವರಿಗೇ ಕಡಿಮೆ. ಸಮಸ್ಯೆಯ ಬುಡ ಇರುವುದು ಇಲ್ಲಿ.

ಒಂದು ಉಸಿರು ಗಾಳಿಗೆ ಎಂಟು ಕೆಲಸ

ಸೊಳ್ಳೆ ಜಾಲರಿಯ ಪ್ರತ್ಯೇಕ ಚೌಕಟ್ಟಿರುವ ಕಿಟಕಿ ನಮ್ಮ ನಗರಗಳ ಮನೆಮನೆಯಲ್ಲಿಯೂ ಇದೆ. ಹೊರಗಿನ ಕದ ತೆರೆಯಬೇಕಾದರೆ ಮೊದಲು ಜಾಲರಿ ತೆರೆಯಬೇಕು. ಮಳೆ ಬಂದರೆ ಮತ್ತೆ ಜಾಲರಿ ತೆರೆದು ಕದ ಎಳೆದುಕೊಳ್ಳಬೇಕು. ಒಳಗಾಜಿನ ಕಥೆಯೂ ಇದೇ, ತೂಕ ಮಾತ್ರ ಹಲವು ಪಟ್ಟು. ಒಳಗಾಜಿನ ಚಿಲಕ ತೆಗೆಯಬೇಕು, ಅದನ್ನು ಎತ್ತಬೇಕು, ಒಳಕ್ಕೆ ಕೈಚಾಚಿ ಹಳೆಯ ಕಿಟಕಿಯ ಚಿಲಕ ತಿರುಗಿಸಬೇಕು, ಆಮೇಲೆ ಅದನ್ನು ಎತ್ತಬೇಕು. ಮುಚ್ಚುವಾಗ ಇವೇ ನಾಲ್ಕು ಮತ್ತೊಮ್ಮೆ. ಎಂಟರಲ್ಲಿ ಒಂದು ಆಗದಿದ್ದರೂ ಉಳಿದ ಏಳು ವ್ಯರ್ಥ.

ತೂಕದ ಲೆಕ್ಕ ಸರಳ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ಅಂದರೆ ಸಾಮಾನ್ಯವಾದ 4 ಮಿ.ಮೀ. ಗಾಜು ಚದರ ಮೀಟರಿಗೆ 10 ಕಿಲೋ. ರಸ್ತೆಯ ಸದ್ದು ತಡೆಯಲೆಂದು 6 ಮಿ.ಮೀ. ಹಾಕಿಸಿದರೆ 15 ಕಿಲೋ. ಇದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನು ಇಟ್ಟು ನೋಡಬಹುದು. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗಸೂಚಿಯಲ್ಲಿ ಸಾರ್ವಜನಿಕ ಕಟ್ಟಡದ ಬಾಗಿಲನ್ನು ತೆರೆಯಲು ಆರಂಭದಲ್ಲಿ 30 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು ಎಂದಿದೆ. ಅದು ಸುಮಾರು ಮೂರು ಕಿಲೋ ಎತ್ತುವ ಬಲಕ್ಕೆ ಸಮ. ಮನೆಯ ಕಿಟಕಿಗೆ ಆ ನಿಯಮ ಅನ್ವಯಿಸದು, ಆದರೂ ಅಳತೆಗೋಲಾಗಿ ಅದು ಕೆಟ್ಟದ್ದಲ್ಲ. ಅಳೆಯುವುದೂ ಕಷ್ಟವಲ್ಲ: ವಿಮಾನ ಪ್ರಯಾಣಕ್ಕೆ ಪೆಟ್ಟಿಗೆ ತೂಗಲು ಬಳಸುವ ಕೈತಕ್ಕಡಿಯನ್ನು ಕಿಟಕಿಯ ಹಿಡಿಗೆ ಸಿಕ್ಕಿಸಿ ಮೇಲಕ್ಕೆಳೆದರೆ ಎಷ್ಟು ಬಲ ಬೇಕೆಂಬುದು ಅದರಲ್ಲಿಯೇ ಕಾಣುತ್ತದೆ. ಅನಿವಾಸಿಗಳ ಮನೆಯಲ್ಲಿ ಈ ತಕ್ಕಡಿ ಇಲ್ಲದಿರುವುದು ಅಪರೂಪ.

ಮೊದಲು ಹಳೆಯದರ ದುರಸ್ತಿ

ಒಳಗಾಜಿನ ಮಾತಿಗೆ ಮುಂಚೆ ಹಳೆಯ ಕಿಟಕಿಯನ್ನು ಸರಿಪಡಿಸಬೇಕು. ಅನೇಕ ಸಲ ಸ್ಯಾಶ್ ಕಿಟಕಿ ಜಗ್ಗದಿರಲು ಕಾರಣ ತೂಕವಲ್ಲ, ಬಣ್ಣ. ವರ್ಷಗಟ್ಟಲೆ ಒಂದರ ಮೇಲೊಂದು ಬಳಿದ ಬಣ್ಣ ಚೌಕಟ್ಟನ್ನು ಅಂಟಿಸಿಬಿಟ್ಟಿರುತ್ತದೆ. ಹಗ್ಗ ಹರಿದಿರುತ್ತದೆ, ರಾಟೆ ತುಕ್ಕು ಹಿಡಿದಿರುತ್ತದೆ, ಹಿಂದೊಮ್ಮೆ ದಪ್ಪ ಗಾಜು ಹಾಕಿಸಿದವರು ಗುಂಡಿನ ತೂಕವನ್ನು ಹೆಚ್ಚಿಸಿರುವುದಿಲ್ಲ. ಬಣ್ಣ ಕೆರೆದು, ಜಾಡಿಗೆ ಮೇಣ ಹಚ್ಚಿ, ಹಗ್ಗ ಬದಲಿಸಿ, ತೂಕ ಸರಿದೂಗಿಸಿದರೆ ಮುನ್ನೂರು ವರ್ಷದ ತಂತ್ರ ಮತ್ತೆ ಕೆಲಸ ಮಾಡುತ್ತದೆ. ಕೆಳಪಟ್ಟಿಗೆ ಎರಡು ಬೆರಳಷ್ಟೇ ಹಿಡಿಯುವ ಕೊಕ್ಕೆಯ ಬದಲು ಇಡೀ ಅಂಗೈ ಹಿಡಿಯುವ ಅಗಲದ ಹಿಡಿ ಹಾಕಿಸಿದರೆ ಸಂಧಿವಾತವಿರುವವರಿಗೆ ಆಗುವ ಉಪಕಾರ ದೊಡ್ಡದು, ಖರ್ಚು ಅಲ್ಪ. ಎತ್ತರದಲ್ಲಿರುವ ಮೇಲಿನ ಚೌಕಟ್ಟನ್ನು ಇಳಿಸಲು ತುದಿಗೆ ಕೊಕ್ಕೆಯುಳ್ಳ ಉದ್ದನೆಯ ಕೋಲು ಹಿಂದಿನಿಂದಲೂ ಬಳಕೆಯಲ್ಲಿದೆ. ಆದರೆ ತಲೆಯ ಮೇಲೆ ಕೋಲು ಎತ್ತಿ ಗುರಿ ಹಿಡಿಯುವುದು ಭುಜ ನೋವಿನವರಿಗಾಗಲಿ ಕೈ ನಡುಗುವವರಿಗಾಗಲಿ ಸಾಧ್ಯವಾಗುವುದಿಲ್ಲ. ಅವರಿಗೆ ರಾಟೆಯ ಮೇಲೆ ಹಾಯ್ದು ಕೆಳಗೆ ಇಳಿಬಿದ್ದ ಹಗ್ಗವೇ ಉತ್ತಮ.

ಸ್ಕಾಟ್ಲೆಂಡಿನ ಮನೆಗಳಲ್ಲಿ ಸಿಂಪ್ಲೆಕ್ಸ್ ಎಂಬ ಜೋಡಣೆ ಕಾಣಸಿಗುತ್ತದೆ. ಕೆಳಗಿನ ಚೌಕಟ್ಟಿನ ಒಂದು ಬದಿಗೆ ಕೀಲುಗಳಿದ್ದು, ಒಳಗಿನಿಂದಲೇ ಹೊರಮೈ ಒರೆಸಲು ಅದನ್ನು ಬಾಗಿಲಿನಂತೆ ಒಳಕ್ಕೆ ತಿರುಗಿಸಬಹುದು. ಮಹಡಿಯ ಮನೆಗಳಿಗೆ ಇದು ವರ. ಒಳಗಾಜು ಹಾಕುವವರು ಇದನ್ನು ಗಮನಿಸದೆ ಮುಂದೆ ಕಟ್ಟು ಕೂರಿಸಿದರೆ ಆ ಅನುಕೂಲ ಕೈತಪ್ಪುತ್ತದೆ.

ಯಾವ ಒಳಗಾಜು ಯಾರಿಗೆ?

ಮಾರುಕಟ್ಟೆಯಲ್ಲಿ ಮೇಲೆ-ಕೆಳಗೆ ಸರಿಯುವ, ಅಡ್ಡಕ್ಕೆ ಸರಿಯುವ, ಕೀಲಿನ ಮೇಲೆ ಒಳಕ್ಕೆ ತೆರೆಯುವ, ಎತ್ತಿ ತೆಗೆದಿಡುವ ಮತ್ತು ಅಯಸ್ಕಾಂತದ ಪಟ್ಟಿಯಿಂದ ಅಂಟಿಕೊಳ್ಳುವ ಬಗೆಗಳಿವೆ. ಪರಂಪರೆಯ ದೃಷ್ಟಿಯಿಂದ ಮೊದಲನೆಯದಕ್ಕೆ ಹೆಚ್ಚು ಒಲವು. ಒಳಗಾಜಿನ ನಡುಪಟ್ಟಿ ಹಳೆಯ ಕಿಟಕಿಯ ನಡುಪಟ್ಟಿಯ ಹಿಂದೆಯೇ ಅಡಗಿ ಬೀದಿಯಿಂದ ಕಾಣುವುದೇ ಇಲ್ಲ. ತೂಕವನ್ನು ಹೊರಲು ಗುಂಡಿನ ಬದಲು ಸ್ಪ್ರಿಂಗ್ ಇರುತ್ತದೆ. ಆದರೆ ಕುಳಿತವರು ಮೇಲಕ್ಕೆ ತಳ್ಳುವಾಗ ಭುಜದ ಮಟ್ಟ ದಾಟಿದೊಡನೆ ಬಲ ಕುಗ್ಗುತ್ತದೆ. ಚಿಲಕವಂತೂ ನಡುಪಟ್ಟಿಯಲ್ಲಿ, ನಿಂತವರ ಎದೆಯ ಎತ್ತರದಲ್ಲಿ.

ಗಾಲಿಕುರ್ಚಿಯಲ್ಲಿರುವವರಿಗೆ ಅಡ್ಡಕ್ಕೆ ಸರಿಯುವ ಬಗೆಯೇ ಹೆಚ್ಚು ಹೊಂದುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ. ತೂಕವನ್ನು ಎತ್ತಬೇಕಿಲ್ಲ, ಉರುಳೆಗಳ ಮೇಲೆ ಸರಿಸಿದರೆ ಸಾಕು. ಚೌಕಟ್ಟಿನ ಉದ್ದಕ್ಕೂ ಹಿಡಿ ಇಟ್ಟರೆ ಎಲ್ಲಿ ಬೇಕಾದರೂ ಹಿಡಿಯಬಹುದು, ಬೆರಳಿನ ಬದಲು ಮುಂಗೈಯಿಂದಲೂ ತಳ್ಳಬಹುದು. ಕೊರತೆ ಏನೆಂದರೆ ಒಮ್ಮೆಗೆ ಅರ್ಧ ಕಿಟಕಿಯಷ್ಟೇ ತೆರೆಯುತ್ತದೆ. ನಡುವೆ ನಿಲ್ಲುವ ಲಂಬ ಪಟ್ಟಿ ಹೊರಗಿನಿಂದ ಕಾಣುವ ಕಾರಣ ಪರಂಪರೆ ಅಧಿಕಾರಿಗಳು ತಕರಾರು ತೆಗೆಯುವ ಸಂಭವವೂ ಇದೆ. ಪಟ್ಟಿಯನ್ನು ಹಳೆಯ ಕಿಟಕಿಯ ಗಾಜಿನ ಮನೆಗಳ ನಡುವಿನ ಲಂಬ ಕಡ್ಡಿಯ ಹಿಂದೆ ಬರುವಂತೆ ಅಳೆದು ಕೂರಿಸಿದರೆ ತಕರಾರು ಬಹುಪಾಲು ಕರಗುತ್ತದೆ.

ಒಳಕ್ಕೆ ತೆರೆಯುವ ಕೀಲಿನ ಬಗೆಯಲ್ಲಿ ಕೆಳಗಿನ ಒಂದೇ ಹಿಡಿ ತಿರುಗಿಸಿದರೆ ಎಲ್ಲ ಅಗುಳಿಗಳೂ ಬಿಡುವಂತೆ ಮಾಡಬಹುದು. ಒಂದೇ ಕೈ ಇರುವವರಿಗೆ ಇದು ಅನುಕೂಲ. ಆದರೆ ತೆರೆದ ಗಾಜು ಕೋಣೆಯೊಳಕ್ಕೆ ಬರುತ್ತದೆ. ಗಾಲಿಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಳ್ಳಬೇಕು. ದೃಷ್ಟಿಹೀನರಿಗೆ ಅದರ ಅಂಚು ನೇರವಾಗಿ ಮುಖಕ್ಕೆ ತಗಲುವ ಮಟ್ಟದಲ್ಲಿರುತ್ತದೆ. ಪೂರ್ತಿ ಹಿಂದಕ್ಕೆ ಮಡಚಿ ಗೋಡೆಗೆ ಆನಿಸುವಂತಿದ್ದರೆ ಮಾತ್ರ ಅವರಿರುವ ಕೋಣೆಗೆ ಇದನ್ನು ಒಪ್ಪಬಹುದು.

ಎತ್ತಿ ತೆಗೆದಿಡುವ ಬಗೆ ಈ ಓದುಗರ ಮಟ್ಟಿಗೆ ಚರ್ಚೆಗೇ ಅರ್ಹವಲ್ಲ. ಎರಡೂ ಕೈಯಲ್ಲಿ ಎಂಟು ಹತ್ತು ಕಿಲೋ ಗಾಜು ಹೊತ್ತು ಎಲ್ಲಿಯೋ ಒರಗಿಸಿಡುವುದು ಆರೋಗ್ಯವಂತರಿಗೂ ಕಿರಿಕಿರಿ. ಅಯಸ್ಕಾಂತದ ಬಗೆಯಲ್ಲಿ ಗಾಜಿನ ಬದಲು ಅಕ್ರಿಲಿಕ್ ಹಾಳೆ ಇರುತ್ತದೆ. ಅದೇ ದಪ್ಪದ ಗಾಜಿನ ಅರ್ಧದಷ್ಟೂ ತೂಕವಿಲ್ಲ, ಅಗ್ಗ, ಬಾಡಿಗೆ ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಹೊಸದಾಗಿ ಹೋಗಿ ನೆಲೆಸಿದ ಕುಟುಂಬಗಳಿಗೆ ಇದು ಆಕರ್ಷಕ. ಆದರೆ ಅಂಚಿನಿಂದ ಕಿತ್ತು ತೆಗೆಯಲು ಬೆರಳಲ್ಲಿ ಬಲ ಬೇಕು, ಅಕ್ರಿಲಿಕ್ ಬೆಂಕಿಗೆ ಉರಿಯುವ ವಸ್ತು ಎಂಬುದೂ ನೆನಪಿರಲಿ. ವೃದ್ಧರು ಒಬ್ಬರೇ ಮಲಗುವ ಕೋಣೆಗೆ ಇದು ತಕ್ಕುದಲ್ಲ.

ಮೋಟಾರಿನ ಮೂಲಕ ಗುಂಡಿಯೊತ್ತಿ ತೆರೆಯುವ ವ್ಯವಸ್ಥೆಯೂ ಲಭ್ಯವಿದೆ. ಕೈಯೇ ಆಡದವರಿಗೆ ಅದರ ಹೊರತು ಬೇರೆ ದಾರಿಯಿಲ್ಲ. ಎರಡು ಪದರಕ್ಕೂ ಮೋಟಾರು ಬೇಕು, ತಂತಿ ಎಳೆಯಲು ಹಳೆಯ ಮರಕ್ಕೆ ರಂಧ್ರ ಕೊರೆಯಬೇಕಾದರೆ ಪರಂಪರೆ ಅನುಮತಿ ಬೇಕಾಗಬಹುದು, ಬೆರಳು ಸಿಕ್ಕಿದರೆ ತಾನೇ ನಿಲ್ಲುವ ಏರ್ಪಾಡು ಇರಲೇಬೇಕು, ವಿದ್ಯುತ್ ಹೋದರೆ ಕೈಯಿಂದ ತೆರೆಯುವಂತಿರಬೇಕು. ಇಷ್ಟೆಲ್ಲ ಆಗುವುದಾದರೆ ಸರಿ.

ಎಲ್ಲ ಕಿಟಕಿಗೂ ಒಂದೇ ಉಪಾಯ ಏಕೆ ಬೇಕು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕೋಣೆಯಲ್ಲಿ ಮೂರು ಕಿಟಕಿಗಳಿದ್ದರೆ ಎರಡಕ್ಕೆ ನಡುಪಟ್ಟಿ ಕಾಣದ, ಬೀದಿಗೆ ಒಪ್ಪುವ ಒಳಗಾಜು ಹಾಕಿಸಿ, ಕುರ್ಚಿಯಿಂದ ಸುಲಭವಾಗಿ ತಲುಪುವ ಒಂದನ್ನು ಮಾತ್ರ ಆ ವ್ಯಕ್ತಿಯ ಕೈಗೆ ತಕ್ಕಂತೆ ಮಾಡಿಸಬಹುದು. ಖರ್ಚು ಉಳಿಯುತ್ತದೆ, ಅಧಿಕಾರಿಯೂ ಒಪ್ಪುತ್ತಾರೆ. ಇಂಗ್ಲೆಂಡಿನ ಹೊಸ ಮನೆಗಳ ಮಾರ್ಗಸೂಚಿಯ ತರ್ಕವೂ ಇದೇ. ಎಲ್ಲರಿಗೂ ಒಗ್ಗುವ ಮನೆ ಎಂಬ ಐಚ್ಛಿಕ ದರ್ಜೆಯಲ್ಲಿ, ಮುಖ್ಯ ಕೋಣೆಯ ಕನಿಷ್ಠ ಒಂದು ಕಿಟಕಿಯ ಹಿಡಿ ನೆಲದಿಂದ 450 ಮತ್ತು 1200 ಮಿ.ಮೀ. ನಡುವೆ ಇರಬೇಕು, ಇಲ್ಲವೇ ಆ ಎತ್ತರದಲ್ಲಿ ದೂರನಿಯಂತ್ರಕ ಇರಬೇಕು ಎಂದಿದೆ. ಹಳೆಯ ಮನೆಗೆ ಅದು ಕಡ್ಡಾಯವಲ್ಲ, ಅನುಸರಿಸಲು ಅಡ್ಡಿಯೂ ಇಲ್ಲ.

ಸದ್ದು, ಸೆಕೆ, ಹೊಗೆ

ಒಳಗಾಜಿನ ಇನ್ನೊಂದು ಗುಣ ಸದ್ದು ತಡೆಯುವುದು. ಎರಡು ಗಾಜುಗಳ ನಡುವೆ 100 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದು, ಎರಡರ ದಪ್ಪ ಬೇರೆಬೇರೆಯಾಗಿದ್ದರೆ ಫಲ ಚೆನ್ನಾಗಿರುತ್ತದೆ. ಶ್ರವಣ ಸಾಧನ ಧರಿಸುವವರಿಗೆ ರಸ್ತೆಯ ಗದ್ದಲವೂ ಮಾತಿನ ಜೊತೆಗೇ ದೊಡ್ಡದಾಗಿ ಕೇಳುತ್ತದೆ. ಆಟಿಸಂ ಇರುವ ಮಕ್ಕಳಲ್ಲಿ ಅನೇಕರಿಗೆ ಹಠಾತ್ ಶಬ್ದ ಸಹಿಸಲಾಗದು. ಇಂಥವರಿಗೆ ಒಳಗಾಜು ಸೌಲಭ್ಯವೇ ಸರಿ. ಆದರೆ ಅಂತರ ಹೆಚ್ಚಿದಷ್ಟೂ ಹಳೆಯ ಕಿಟಕಿಯ ಚಿಲಕ ಕೈಗೆ ದೂರವಾಗುತ್ತದೆ. ಒಂದೇ ಮನೆಯಲ್ಲಿ ಕಿವಿ ಮಂದವಾದ ಅಜ್ಜ, ಗಾಲಿಕುರ್ಚಿಯ ಅಜ್ಜಿ ಇದ್ದರೆ ಇಬ್ಬರ ಅಗತ್ಯಗಳೂ ಅದೇ ಗೂಡಿನಲ್ಲಿ ಎದುರುಬದುರಾಗುತ್ತವೆ.

ಸೆಕೆಯ ವಿಷಯ ಇತ್ತೀಚಿನದು. 2022ರ ಜುಲೈ 19ರಂದು ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಬ್ರಿಟನ್ ಅದುವರೆಗೆ ಅಂಥ ಬಿಸಿಯನ್ನು ಕಂಡಿರಲಿಲ್ಲ. ಆ ಬೇಸಿಗೆಯ ಬಿಸಿ ಅಲೆಗಳ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ 65 ದಾಟಿದವರ ಪೈಕಿ ಸಾಮಾನ್ಯಕ್ಕಿಂತ 2,800ಕ್ಕೂ ಹೆಚ್ಚು ಸಾವುಗಳಾದವು ಎಂದು ಅಲ್ಲಿನ ಆರೋಗ್ಯ ಭದ್ರತಾ ಸಂಸ್ಥೆ ಅಂದಾಜಿಸಿತು. ಸ್ಯಾಶ್ ಕಿಟಕಿಯ ಮೇಲಿನ ಮತ್ತು ಕೆಳಗಿನ ಚೌಕಟ್ಟುಗಳೆರಡನ್ನೂ ಸ್ವಲ್ಪ ತೆರೆದರೆ ಬಿಸಿ ಗಾಳಿ ಮೇಲಿನಿಂದ ಹೊರಬಿದ್ದು ತಂಪು ಗಾಳಿ ಕೆಳಗಿನಿಂದ ಒಳಬರುತ್ತದೆ. ಈ ಸೊಗಸಾದ ಏರ್ಪಾಡನ್ನು ಚಳಿಗೆ ಹೆದರಿ ಶಾಶ್ವತವಾಗಿ ಮುಚ್ಚುವುದು ವಿವೇಕವಲ್ಲ.

ಬೆಂಕಿಯ ಸಂದರ್ಭವನ್ನು ಹೇಳದೆ ಬಿಡುವಂತಿಲ್ಲ. ಪಾರಾಗಲು ಬಳಸುವ ಕಿಟಕಿಗೆ ಕನಿಷ್ಠ 0.33 ಚದರ ಮೀಟರ್ ತೆರಪು, ಉದ್ದ ಅಗಲ ತಲಾ 450 ಮಿ.ಮೀ., ತೆರಪಿನ ಕೆಳ ಅಂಚು ನೆಲದಿಂದ 1100 ಮಿ.ಮೀ. ಮೀರದಂತೆ ಇರಬೇಕೆಂದು ಇಂಗ್ಲೆಂಡಿನ ಮಾರ್ಗಸೂಚಿ ಹೇಳುತ್ತದೆ. ನಡೆಯಲಾಗದವರು ಮಹಡಿಯ ಕಿಟಕಿಯಿಂದ ಹಾರುವುದಿಲ್ಲ, ನಿಜ. ಆದರೆ ಹೊಗೆ ತುಂಬಿದಾಗ ಉಸಿರಾಡಲು, ಕೂಗಿ ಕರೆಯಲು, ಕೆಳಗೆ ನಿಂತ ಅಗ್ನಿಶಾಮಕ ಸಿಬ್ಬಂದಿಗೆ ಕಾಣಿಸಿಕೊಳ್ಳಲು ಅವರಿಗೂ ಕಿಟಕಿಯೇ ಗತಿ. ಬೀಗದ ಕೈ ಬೇಕಾಗುವ ಚಿಲಕಗಳನ್ನು ಹಾಕಿಸಿ, ಕೈಯನ್ನು ಇನ್ನೆಲ್ಲೋ ಇಟ್ಟು ಮರೆಯುವ ಮನೆಗಳಲ್ಲಿ ಏನಾಗಬಹುದೆಂದು ಹೇಳಬೇಕಿಲ್ಲ.

ಹಣ ಮತ್ತು ಒಪ್ಪಿಗೆ

ವಿಕಲಚೇತನರ ಮನೆ ಮಾರ್ಪಾಡಿಗೆ ಅಲ್ಲಿನ ಸ್ಥಳೀಯ ಆಡಳಿತಗಳು ಅನುದಾನ ನೀಡುತ್ತವೆ. ಇಂಗ್ಲೆಂಡಿನಲ್ಲಿ ಇದರ ಗರಿಷ್ಠ ಮಿತಿ 30,000 ಪೌಂಡ್. ಫಲಾನುಭವಿಯ ಮುಖ್ಯ ವಾಸಸ್ಥಾನ ಆ ಮನೆಯೇ ಆಗಿರಬೇಕು. ಆರು ತಿಂಗಳ ಮಟ್ಟಿಗೆ ಹೋದ ತಂದೆ ತಾಯಿಗೆ ಇದು ಸಿಗದು. ವಯಸ್ಕರಾದರೆ ಆದಾಯವನ್ನೂ ನೋಡುತ್ತಾರೆ. ಅರ್ಜಿಗೆ ಆಕ್ಯುಪೇಷನಲ್ ಥೆರಪಿಸ್ಟ್ ಮನೆಗೆ ಬಂದು ಪರಿಶೀಲಿಸಿ ಬರೆಯುವ ವರದಿಯೇ ಸಾಮಾನ್ಯವಾಗಿ ಆಧಾರ. ಇಳಿಜಾರು ದಾರಿ, ಮೆಟ್ಟಿಲ ಲಿಫ್ಟ್, ಸ್ನಾನದ ಕೋಣೆ ಈ ವರದಿಗಳಲ್ಲಿ ತಪ್ಪದೆ ಬರುತ್ತವೆ. ಕಿಟಕಿಯನ್ನು ನಾವೇ ನೆನಪಿಸಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ, ಪರಂಪರೆ ಕಟ್ಟಡವಾದರೆ ಆಡಳಿತದ ಅಧಿಕಾರಿಯ ಅಭಿಪ್ರಾಯ ಮೊದಲೇ ಬರಹದಲ್ಲಿ ಪಡೆಯುವುದು ಒಳಿತು. ಹಳೆಯ ಕಟ್ಟಡಗಳನ್ನು ಎಲ್ಲರಿಗೂ ಸುಗಮಗೊಳಿಸುವ ಬಗ್ಗೆ 2015ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯೊಂದು ಹಿಸ್ಟಾರಿಕ್ ಇಂಗ್ಲೆಂಡ್‌ನಲ್ಲಿದೆ. ಮಾತುಕತೆಗೆ ಹೋಗುವಾಗ ಅದನ್ನು ಜೊತೆಗಿಟ್ಟುಕೊಳ್ಳಬಹುದು.

ಇಂಗ್ಲೆಂಡಿನ ಮನೆಗಳು ವಿಕಲಚೇತನ ಅತಿಥಿಗೆ ಎಷ್ಟು ಸುಗಮ ಎಂದು ಸರ್ಕಾರಿ ವಸತಿ ಸಮೀಕ್ಷೆ ನಾಲ್ಕು ಅಂಶಗಳಿಂದ ಅಳೆಯುತ್ತದೆ: ಸಮತಟ್ಟಾದ ದಾರಿ, ಎಡವದ ಹೊಸ್ತಿಲು, ಸಾಕಷ್ಟು ಅಗಲದ ಬಾಗಿಲು, ಪ್ರವೇಶದ ಮಟ್ಟದಲ್ಲಿಯೇ ಶೌಚಾಲಯ. 2018ರಲ್ಲಿ ಈ ನಾಲ್ಕೂ ಇದ್ದದ್ದು ಕೇವಲ ಶೇ. 9ರಷ್ಟು ಮನೆಗಳಲ್ಲಿ. ನಾಲ್ಕರಲ್ಲಿ ಕಿಟಕಿ ಇಲ್ಲ.

ಆದ್ದರಿಂದ ಅಳತೆ ತೆಗೆಯಲು ಬರುವ ಕೆಲಸಗಾರನ ಎದುರು, ಕಿಟಕಿಯನ್ನು ದಿನವೂ ಬಳಸುವ ವ್ಯಕ್ತಿಯನ್ನೇ ಅವರ ಕುರ್ಚಿಯಲ್ಲಿ ಕೂರಿಸಿ, ಕೈಚಾಚಿಸಿ, ಬೆರಳು ಮುಟ್ಟುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿಸಬೇಕು. ಹಿಡಿ ಮತ್ತು ಚಿಲಕ ಬರಬೇಕಾದದ್ದು ಆ ಗುರುತಿನ ಮೇಲೆ. ಮಾದರಿ ಚೌಕಟ್ಟನ್ನು ಅಂಗಡಿಯಲ್ಲಿ ಅವರೇ ಒಮ್ಮೆ ತೆರೆದು ಮುಚ್ಚಿ ನೋಡುವ ತನಕ ಮುಂಗಡ ಹಣ ಕೊಡಬಾರದು.